ಟೀ ಬರುವವರೆಗೆ

ಸೊಸೆಯ ಕೆಲಸ ಏನೆಂದು ಹೊರಗಿನವರಿಗೆ ವಿವರಿಸುವುದು ಕಷ್ಟವಾಗಿತ್ತು. ಅವಳು ನರ್ಸ್ ಅಲ್ಲ, ಆಫೀಸಿನಲ್ಲಿ ಕೂತು ಫೈಲು ತಿರುವುವವಳೂ ಅಲ್ಲ. ವಯಸ್ಸಾದವರ ಆರೈಕೆಗೆ ಜನ ಕಳಿಸುವ ಒಂದು ಸೇವಾಸಂಸ್ಥೆಯಲ್ಲಿ ಸಂಯೋಜಕಿ. ಯಾರದಾದರೂ ಮನೆಯಿಂದ ಫೋನ್ ಬಂದರೆ ಮೊದಲು ಹೋಗಿ ನೋಡುವವಳು ಅವಳು. ಆ ಮನೆಯ ಅಜ್ಜಿಗೆ ಬೆಳಿಗ್ಗೆ ಒಬ್ಬರು ಬಂದು ಹೋದರೆ ಸಾಕೋ, ಇಡೀ ದಿನ ಜೊತೆಗೆ ಇರಬೇಕೋ, ಒಂಟಿಯಾಗಿ ಬಿಡುವ ಹಂತವೇ ದಾಟಿಹೋಗಿದೆಯೋ ಎಂದು ತೀರ್ಮಾನಿಸುವವಳೂ ಅವಳೇ.

"ಒಂದೇ ಸಲ ಹೋಗಿ ನೋಡಿದ್ರೆ ಅದೆಲ್ಲ ಹೇಗೆ ಗೊತ್ತಾಗುತ್ತೆ ನಿಂಗೆ?" ಎಂದು ಒಂದು ಸಂಜೆ ಊಟಕ್ಕೆ ಕೂತಾಗ ಅತ್ತೆ ಕೇಳಿದ್ದರು.

"ಟೀ ಕೇಳ್ತೀನಿ ಅತ್ತೆ."

"ಟೀನಾ?"

"ಹೂಂ. ಇವತ್ತು ಯಾವ ವಾರ, ನಿಮ್ಮ ಮಗ ಏನು ಮಾಡ್ತಾನೆ ಅಂತ ಕೇಳಿದ್ರೆ ಅವರು ಹುಷಾರಾಗಿಬಿಡ್ತಾರೆ. ಹೊಸಬರ ಮುಂದೆ ಯಾರು ಮರ್ಯಾದೆ ಬಿಟ್ಟುಕೊಡ್ತಾರೆ? ಅದಕ್ಕೇ, ನಡೆದು ನಡೆದು ಸುಸ್ತಾಯ್ತು, ಒಂದು ಲೋಟ ಟೀ ಸಿಗುತ್ತಾ ಅಂತೀನಿ. ಆಮೇಲೆ ಹೊರಗೆ ಕೂತು ಕಿವಿ ಕೊಡ್ತೀನಿ. ನಲ್ಲಿ ತಿರುಗಿಸಿದ್ರು, ಸರಿ, ನಿಲ್ಲಿಸಿದ್ರಾ? ಲೈಟರ್ ಚಿಟಕ್ ಅಂತು, ಒಲೆ ಹತ್ತಿಕೊಳ್ತಾ? ಟೀ ಬರೋವರೆಗೂ ಏಳಬಾರದು, ಸಹಾಯ ಮಾಡಬಾರದು. ಕುಡಿದಾದ್ಮೇಲೆ ಲೋಟ ನಾನೇ ಇಡ್ತೀನಿ ಅಂತ ಒಳಗೆ ಹೋಗಿ ಒಲೆ ನೋಡಬೇಕು. ಅಷ್ಟೇ ನನ್ನ ಪರೀಕ್ಷೆ."

"ಹಾಗಾದ್ರೆ ನಾನು ಈಗಲೇ ಫೇಲು," ಎಂದ ಗಂಡ, ಬೇಳೆ ಬಡಿಸಿಕೊಳ್ಳುತ್ತ.

"ನಿಮಗೆ ಲೈಟರ್ ಎಲ್ಲಿದೆ ಅಂತಾನೇ ಗೊತ್ತಿಲ್ಲ. ನಿಮ್ಮದು ಬೇರೆ ಕಾಯಿಲೆ ಬಿಡಿ."

ಎಲ್ಲರೂ ನಕ್ಕಿದ್ದರು. ಅತ್ತೆ ಮಾತ್ರ ಅನ್ನದ ಮೇಲೆ ಕೈಯಿಟ್ಟುಕೊಂಡು, "ಹಾಲು ಮೊದಲು ಹಾಕಬೇಕೋ, ಪುಡಿ ಮೊದಲೋ?" ಎಂದು ಕೇಳಿದ್ದರು.

"ಅದು ಅವರವರ ಇಷ್ಟ. ಹಾಕಿದ್ದನ್ನೇ ಮತ್ತೆ ಹಾಕಬಾರದು."

ಅತ್ತೆಗೆ ಸೊಸೆಯ ಕೆಲಸದ ಸುದ್ದಿ ಕೇಳುವುದೆಂದರೆ ಅಷ್ಟು ಇಷ್ಟ ಎಂದು ಮನೆಯವರು ಅಂದುಕೊಂಡಿದ್ದರು. ಊಟದ ಹೊತ್ತಿಗೆ, "ಇವತ್ತು ಯಾರನ್ನ ನೋಡಿದೆ? ಏನು ತಪ್ಪು ಮಾಡಿದ್ಲು ಅವಳು?" ಎಂದು ಬಿಡದೆ ಕೇಳುವರು. ಸೊಸೆಗೂ ದಿನವಿಡೀ ಬಾಯಿ ಬಿಗಿಹಿಡಿದು ಸಾಕಾಗಿರುತ್ತಿತ್ತು. ಹೆಸರು ಬಿಟ್ಟು ಉಳಿದದ್ದನ್ನೆಲ್ಲ ಹೇಳುವಳು. ಒಬ್ಬರು ಚಪ್ಪಲಿಯನ್ನು ಫ್ರಿಜ್‌ನಲ್ಲಿ ಇಟ್ಟಿದ್ದು, ಇನ್ನೊಬ್ಬರು ಕನ್ನಡಿಯಲ್ಲಿ ಕಂಡವಳಿಗೆ ಬಿಸ್ಕತ್ತು ನೀಡಿದ್ದು. ಅತ್ತೆ ಒಂದೊಂದನ್ನೂ ಮನಸ್ಸಿಟ್ಟು ಕೇಳುವರು.

ಅವರದು ಮೂರನೇ ಮಹಡಿಯ ಎರಡು ಕೋಣೆಯ ಮನೆ. ಗಂಡ ಲಿಫ್ಟ್ ರಿಪೇರಿ ಮಾಡುವವನು. ಅವನಿರುವ ಕಟ್ಟಡಕ್ಕೇ ಲಿಫ್ಟ್ ಇಲ್ಲವೆಂಬುದು ಬೀದಿಯವರಿಗೆಲ್ಲ ಹಳೆಯ ತಮಾಷೆ. ದೊಡ್ಡ ಮಗಳು ಹತ್ತನೇ ತರಗತಿ. ಅವಳಾದ ಎಷ್ಟೋ ವರ್ಷಕ್ಕೆ ಯಾರೂ ನಿರೀಕ್ಷಿಸದೆ ಹುಟ್ಟಿದ ಚಿಕ್ಕವಳಿಗೆ ಈಗಷ್ಟೇ ಓಡಲು ಬಂದಿತ್ತು. ಗಾತ್ರ ಕಾಳಿನಷ್ಟು, ಗಂಟಲು ಖಾರ. ಅದಕ್ಕೇ ಎಲ್ಲರೂ ಅವಳನ್ನು ಮೆಣಸು ಎನ್ನುತ್ತಿದ್ದರು. ಮೆಣಸು ಹುಟ್ಟಿದಾಗ ಸೊಸೆ ಕೆಲಸ ಬಿಡುತ್ತೇನೆಂದಿದ್ದಳು. ಅತ್ತೆಯೇ ಗದರಿದ್ದರು: "ನಾನೇನು ಸತ್ತಿದ್ದೀನಾ? ಮಗು ನನ್ನ ಹತ್ರ ಇರ್ಲಿ. ನೀನು ಮನೇಲಿ ಕೂತ್ರೆ ನನ್ನ ತಲೆ ತಿಂತೀಯ. ಹೋಗು."

ಅಂದಿನಿಂದ ಹಗಲೆಲ್ಲ ಆ ಮನೆಯಲ್ಲಿ ಅಜ್ಜಿ, ಮೊಮ್ಮಗಳು ಇಬ್ಬರೇ.

ಮಳೆಗಾಲ ಕಳೆಯುತ್ತಿದ್ದಂತೆ ಮೇಜಿನ ಮೇಲೆ ಒಂದು ಫ್ಲಾಸ್ಕ್ ಬಂದು ಕೂತಿತು. ಸಂಜೆ ಸೊಸೆ ಬರುವ ಹೊತ್ತಿಗೆ ಅದರಲ್ಲಿ ಟೀ ತುಂಬಿರುತ್ತಿತ್ತು.

"ಫ್ಲಾಸ್ಕ್ ಟೀ ಅಂದ್ರೆ ಪಾತ್ರೆ ತೊಳೆದ ನೀರು ಅಂತಿದ್ರಲ್ಲ ಅತ್ತೆ?"

"ಮಂಡಿ ನೋವು ಕಣೇ. ಒಬ್ಬೊಬ್ಬರು ಬಂದ ಹಾಗೆಲ್ಲ ಏಳೋಕಾಗಲ್ಲ. ಒಂದೇ ಸಲ ಮಾಡಿಟ್ರೆ ಆಯ್ತಲ್ಲ."

ಸೊಸೆಗೆ ಅದು ಸರಿಯೆನಿಸಿತು. ಟೀ ಬಗ್ಗಿಸಿಕೊಂಡು ಕುಡಿದಳು. ರುಚಿ ಸ್ವಲ್ಪ ಬೇರೆ. ಪುಡಿ ಬದಲಾಗಿರಬೇಕು ಎಂದುಕೊಂಡಳು.

ಒಂದು ದಿನ ಲಿಫ್ಟ್ ರಿಪೇರಿಗೆ ಹೋದ ಕಟ್ಟಡದ ಮೇಲೆ, ಕೇಬಲ್ಲಿನ ಗ್ರೀಸು ಒರೆಸಿಕೊಂಡು ಊಟಕ್ಕೆ ಕೂತ ಗಂಡ ಡಬ್ಬಿ ತೆರೆದರೆ ಒಳಗೆ ತೊಳೆದ ಅಕ್ಕಿ ಇತ್ತು. ಬೆಂದಿರಲಿಲ್ಲ. ಮೇಲಿನ ಬಟ್ಟಲಲ್ಲಿ ಆಲೂಗೆಡ್ಡೆ ಪಲ್ಯ ಎಂದಿನಂತೆ ಘಮಘಮ ಎನ್ನುತ್ತಿತ್ತು. ಜೊತೆಯವನು ಇಣುಕಿ ನೋಡಿ, "ಏನಪ್ಪಾ, ಮನೇಲಿ ಜಗಳವಾ?" ಎಂದ.

"ಹೂಂ, ನಿನ್ನೆ ಸ್ವಲ್ಪ ಜೋರಾಯ್ತು," ಎಂದು ಅವನು ನಕ್ಕ. ಅಕ್ಕಿಯನ್ನು ಪಾರಿವಾಳಗಳಿಗೆ ಚೆಲ್ಲಿದ, ಕೆಳಗಿಳಿದು ಬ್ರೆಡ್ ತಿಂದ, ಡಬ್ಬಿ ತೊಳೆದು ಮನೆಗೆ ತಂದಿಟ್ಟ. ಮನೆಯಲ್ಲಿ ಯಾರಿಗೂ ಹೇಳಲಿಲ್ಲ. ಅಮ್ಮನಿಗೆ ಅವಸರವಾಗಿರಬೇಕು ಎಂದು ತನಗೇ ಹೇಳಿಕೊಂಡ.

ದೊಡ್ಡವಳಿಗೆ ಮಾತ್ರ ಎಲ್ಲ ಗೊತ್ತಿತ್ತು. ಶಾಲೆ ಎರಡು ಬೀದಿ ಆಚೆ. ಮಧ್ಯಾಹ್ನ ಗಂಟೆ ಹೊಡೆಯುತ್ತಲೇ ಅವಳು ಊಟದ ಡಬ್ಬಿ ಸಮೇತ ಓಡಿ ಮನೆಗೆ ಬರುವಳು. ಮೊದಲು ಒಲೆ ನೋಡುವಳು. ಆಮೇಲೆ ನಲ್ಲಿ, ಆಮೇಲೆ ಬಾಲ್ಕನಿ ಬಾಗಿಲಿನ ಚಿಲಕ. ಮೆಣಸಿಗೆ ಊಟವಾಗಿದೆಯೇ ಎಂದು ಅಜ್ಜಿಯನ್ನು ಕೇಳುತ್ತಿರಲಿಲ್ಲ. ಮೆಣಸಿನ ಹೊಟ್ಟೆ ಮುಟ್ಟಿ ನೋಡುತ್ತಿದ್ದಳು. ಟೀ ಮಾಡಿ ಫ್ಲಾಸ್ಕ್ ತುಂಬುತ್ತಿದ್ದವಳು ಅವಳೇ.

"ಅಜ್ಜಿ, ಇವತ್ತು ಬುಧವಾರ. ಅಮ್ಮ ಕೇಳಿದ್ರೆ ಬುಧವಾರ ಅನ್ನಿ."

"ಗೊತ್ತು ಬಿಡೇ. ನನಗೇನು ತಲೆ ಕೆಟ್ಟಿದೆಯಾ?"

"ನಿನ್ನೆ ಎರಡು ಸಲ ಭಾನುವಾರ ಅಂದ್ರಿ."

"ನಿನ್ನೆ ಭಾನುವಾರದ ಹಾಗೇ ಇತ್ತು." ಅತ್ತೆ ನಗುವರು. ನಕ್ಕಿದ್ದು ಅರ್ಧಕ್ಕೇ ನಿಲ್ಲುವುದು. "ನಿಮ್ಮಮ್ಮನಿಗೆ ಹೇಳ್ಬೇಡ ಪುಟ್ಟಿ. ಪರೀಕ್ಷೆ ಮಾಡೋಕೆ ಬಂದ್ಬಿಡ್ತಾಳೆ."

ದೊಡ್ಡವಳು ಉಳಿದ ಊಟವನ್ನು ಮೆಟ್ಟಿಲಿಳಿಯುತ್ತಲೇ ತಿಂದು ಶಾಲೆಗೆ ಓಡುವಳು. ಮಧ್ಯಾಹ್ನದ ಆಟದ ಅಭ್ಯಾಸಕ್ಕೆ ಬರುತ್ತಿಲ್ಲವೆಂದು ಅವಳ ಹೆಸರನ್ನು ತಂಡದಿಂದ ತೆಗೆದುಹಾಕಿದರು. ಅದು ಮನೆಗೆ ತಿಳಿದ ಸಂಜೆ ಸೊಸೆ ಕೂಗಾಡಿದಳು.

"ಎಲ್ಲಿ ಹೋಗ್ತೀಯ ಮಧ್ಯಾಹ್ನ? ಯಾರ ಜೊತೆ ತಿರುಗ್ತೀಯ?"

"ಯಾರ ಜೊತೆನೂ ಇಲ್ಲ."

"ಬಾಯಲ್ಲಿ ಏನಿಟ್ಕೊಂಡಿದ್ದೀಯ? ಸರಿಯಾಗಿ ಹೇಳು!"

"ಬಿಡೇ ಅವಳನ್ನ," ಎಂದು ಅತ್ತೆ ನಡುವೆ ಬಂದರು. "ಬೆಳೆಯೋ ಹುಡುಗಿ. ಆಟ ಬೇಡ ಅನ್ನಿಸಿದೆ, ಬಿಟ್ಟಿದ್ದಾಳೆ."

"ನೀವು ಸುಮ್ನಿರಿ ಅತ್ತೆ. ನೀವು ಕೊಟ್ಟ ಸಲಿಗೆನೇ ಇದು."

ದೊಡ್ಡವಳು ಅಜ್ಜಿಯ ಕಡೆ ನೋಡಿದಳು. ಅಜ್ಜಿ ತಟ್ಟೆಯ ಕಡೆ ನೋಡಿದರು.

ಅದರ ಮುಂದಿನ ವಾರ ಸೊಸೆ ಮುಖ ಕೆಂಪಗೆ ಮಾಡಿಕೊಂಡು ಮನೆಗೆ ಬಂದಳು. ಬ್ಯಾಗು ಇಳಿಸುವ ಮೊದಲೇ ಶುರುವಾಯಿತು.

"ಕಟ್ಟಿಹಾಕಿದ್ರು ರೀ! ಗಡಿಯಾರ ರಿಪೇರಿ ಮಾಡ್ತಿದ್ದ ಒಬ್ಬ ತಾತನ್ನ. ಹೆತ್ತ ಮಗ, ಹಳೇ ಬೆಡ್‌ಶೀಟ್ ಹರಿದು, ಸೊಂಟಕ್ಕೆ ಸುತ್ತಿ ಮಂಚದ ಕಾಲಿಗೆ ಕಟ್ಟಿದ್ದ. ಕೇಳಿದ್ರೆ, ಇಲ್ದಿದ್ರೆ ಮೆಟ್ಟಿಲಿಳಿದು ರಸ್ತೆಗೆ ಹೋಗ್ಬಿಡ್ತಾರೆ ಮೇಡಂ ಅಂತಾನೆ. ನಾಯಿನಾ ಅದು?"

"ಪೊಲೀಸಿಗೆ ಹೇಳ್ಬೇಕಿತ್ತು," ಎಂದ ಗಂಡ.

"ಹೇಳಿ? ತಾತನ್ನ ಯಾರು ನೋಡ್ಕೊಳ್ಳೋದು? ನಾಳೆಯಿಂದ ಒಬ್ಬರನ್ನ ಕಳಿಸ್ತಿದ್ದೀನಿ. ನಾನೇ ಬಿಚ್ಚಿ ಬಂದೆ."

ಅತ್ತೆ ಬೀನ್ಸ್ ಮುರಿಯುತ್ತಿದ್ದರು. "ಬಿಗಿಯಾಗಿತ್ತಾ ಗಂಟು?"

"ಇಲ್ಲ, ಸಡಿಲ. ಪಟ್ಟಿ ಉದ್ದ ಬಿಟ್ಟಿದ್ರು, ಓಡಾಡೋ ಅಷ್ಟು."

"ಹಾಗಾದ್ರೆ ನೋವಾಗಲ್ಲ," ಎಂದರು ಅತ್ತೆ.

"ನೋವಿನ ಮಾತಲ್ಲ ಅತ್ತೆ ಅದು!"

"ಹೋಗ್ಲಿ ಬಿಡು, ನಾನು ಸುಮ್ನೆ ಕೇಳ್ದೆ." ಅವರು ಮುರಿದ ಬೀನ್ಸನ್ನು ಕಸದ ಬುಟ್ಟಿಗೂ, ನಾರನ್ನು ಬಟ್ಟಲಿಗೂ ಹಾಕುತ್ತಿದ್ದರು. ದೊಡ್ಡವಳು ಬಂದು ಪಕ್ಕದಲ್ಲಿ ಕೂತು, ಬುಟ್ಟಿಯಿಂದ ಬೀನ್ಸ್ ಆರಿಸಿ ಬಟ್ಟಲಿಗೆ ಹಾಕಿದಳು.

ಕೆಲವು ದಿನದ ಮೇಲೆ ಬೀರುವಿನಲ್ಲಿ ನೀಲಿ ಹೂವಿನ ಬೆಡ್‌ಶೀಟ್ ಹುಡುಕಿದರೆ ಅರ್ಧವೇ ಸಿಕ್ಕಿತು. "ಒರೆಸೋ ಬಟ್ಟೆಗೆ ಹರಿದೆ," ಎಂದರು ಅತ್ತೆ. ಹಳೆಯದೇ ಆಗಿತ್ತು. ಸೊಸೆ ಮತ್ತೆ ಕೇಳಲಿಲ್ಲ.

ದೊಡ್ಡವಳ ಪರೀಕ್ಷೆ ಹತ್ತಿರ ಬಂತು. ಪರೀಕ್ಷೆ ನಡೆಯುವ ಶಾಲೆ ಊರಿನ ಆಚೆ ತುದಿಯಲ್ಲಿ. ಬೆಳಿಗ್ಗೆ ಹೋದರೆ ಸಂಜೆಗೇ ಬರುವುದು. ಮೊದಲ ಪರೀಕ್ಷೆಯ ಬೆಳಿಗ್ಗೆ ಅಮ್ಮ ತಲೆ ಬಾಚಿಕೊಳ್ಳುತ್ತಿದ್ದಾಗ ಅವಳು ಹಿಂದೆ ಬಂದು ನಿಂತಳು.

"ಅಮ್ಮ, ಪರೀಕ್ಷೆ ಮುಗಿಯೋವರೆಗೂ ನೀನು ರಜೆ ಹಾಕ್ತೀಯಾ?"

"ನಿನ್ನ ಪರೀಕ್ಷೆಗೆ ನನಗ್ಯಾಕೆ ರಜೆ?"

"ಸುಮ್ನೆ. ಮನೇಲಿ ಇರು."

"ನಮ್ಮ ಸಂಸ್ಥೇಲಿ ಇಬ್ಬರು ಕೆಲಸ ಬಿಟ್ಟಿದ್ದಾರೆ. ಅವರು ನೋಡ್ತಿದ್ದ ಮನೆಗಳೂ ನನ್ನ ತಲೆ ಮೇಲೇ. ಪ್ರತಿ ದಿನ ಒಬ್ಬರಲ್ಲ ಒಬ್ಬರು ಬಿದ್ರು ಅಂತ ಫೋನು. ರಜೆಯಂತೆ ರಜೆ." ಕನ್ನಡಿಯಲ್ಲಿ ಮಗಳ ಮುಖ ಕಂಡಿತು. "ಯಾಕೆ, ಭಯಾನಾ? ಓದಿದ್ದೀಯಲ್ಲ. ಚೆನ್ನಾಗೇ ಬರೀತೀಯ, ಹೋಗು."

ದೊಡ್ಡವಳು ಹೋಗುವ ಮೊದಲು ಬಾಲ್ಕನಿ ಚಿಲಕವನ್ನು ಎರಡು ಸಲ ಎಳೆದು ನೋಡಿದಳು. ಅಜ್ಜಿಯ ಕಿವಿಯಲ್ಲಿ ಏನೋ ಹೇಳಿದಳು. ಅಜ್ಜಿ ತಲೆಯಾಡಿಸಿದರು.

ಆ ದಿನ ಮಧ್ಯಾಹ್ನ ಸೊಸೆ ಒಬ್ಬ ನಿವೃತ್ತ ಟೀಚರಮ್ಮನ ಮನೆಯಲ್ಲಿ ಟೀಗಾಗಿ ಕಾಯುತ್ತಿದ್ದಳು. ಒಳಗೆ ನಲ್ಲಿ ನಿಂತಿತ್ತು, ಒಲೆ ಹತ್ತಿತ್ತು, ಎಲ್ಲ ಸರಿಯಾಗಿ ಸಾಗಿತ್ತು. ಫೋನ್ ಅದುರಿತು. ಅವರ ಕಟ್ಟಡದ ಕೆಳಗಿನ ಟೈಲರ್.

"ನಿಮ್ಮನೆ ಮೆಣಸು ಒಂದೇ ಸಮ ಅಳ್ತಾ ಇದೆಯಮ್ಮ. ನಾನೂ ಹೋಗಿ ಬಾಗಿಲು ಬಡಿದೆ. ಯಾರೂ ತೆಗೀತಿಲ್ಲ."

ಟೀ ಬರುವವರೆಗೂ ಏಳಬಾರದೆಂಬ ತನ್ನ ನಿಯಮವನ್ನು ಸೊಸೆ ಮೊದಲ ಸಲ ಮುರಿದಳು. ಟೀಚರಮ್ಮ ಲೋಟ ಹಿಡಿದು ಹೊರಗೆ ಬಂದಾಗ ಕುರ್ಚಿ ಖಾಲಿಯಾಗಿತ್ತು.

ಮೂರು ಮಹಡಿ ಹತ್ತಿ, ಕೀಲಿಕೈಯಿಂದ ಬಾಗಿಲು ತೆಗೆದಾಗ ಅಳು ನಿಂತು ಬಿಕ್ಕಳಿಕೆ ಮಾತ್ರ ಉಳಿದಿತ್ತು. ಸುಟ್ಟ ಪಾತ್ರೆಯ ವಾಸನೆ. ಅತ್ತೆ ಬಾಲ್ಕನಿ ಬಾಗಿಲ ಬಳಿ ನಿಂತು ಬೀದಿ ನೋಡುತ್ತಿದ್ದರು. ಅವರ ಸೊಂಟಕ್ಕೆ ನೀಲಿ ಹೂವಿನ ಪಟ್ಟಿ ಸುತ್ತಿತ್ತು. ಪಟ್ಟಿ ನೆಲದ ಮೇಲೆ ಹಾದು, ಮೇಜಿನ ಕಾಲನ್ನು ಬಳಸಿ, ಇನ್ನೊಂದು ತುದಿಯಲ್ಲಿ ಮೆಣಸಿನ ಹೊಟ್ಟೆಯನ್ನು ಸುತ್ತಿತ್ತು. ಮೇಜಿನ ಕಾಲಿಗೆ ಒತ್ತಿಕೊಂಡು ಬಿದ್ದಿದ್ದ ಮಗುವಿನ ಮುಖ ಕಪ್ಪಿಟ್ಟಿತ್ತು.

"ಇದೇನೋ ಸಿಕ್ಕಾಕ್ಕೊಂಡಿದೆ," ಎಂದು ಅತ್ತೆ ಬೇಸರದಿಂದ ಹೇಳುತ್ತ, ತಿರುಗಿಯೂ ನೋಡದೆ, ಎರಡೂ ಕೈಯಲ್ಲಿ ಪಟ್ಟಿಯನ್ನು ಎಳೆಯುತ್ತಿದ್ದರು. "ಬಿಡ್ತಾನೇ ಇಲ್ಲ ನೋಡು."

ಸೊಸೆ ಅಡುಗೆಮನೆಯ ಚಾಕುವಿನಿಂದ ಪಟ್ಟಿ ಕತ್ತರಿಸಿದಳು.

ಸಂಜೆ ಆ ಮನೆಯಲ್ಲಿ ಅಡುಗೆಯಾಗಲಿಲ್ಲ. ಗಂಡ ತಂದ ಬ್ರೆಡ್ಡು ಮೇಜಿನ ಮೇಲೆ ಬಿಚ್ಚದೇ ಬಿದ್ದಿತ್ತು. ಮೆಣಸು ಅಮ್ಮನ ತೋಳಲ್ಲಿ ನಿದ್ದೆ ಹೋಗಿತ್ತು. ಅದರ ಹೊಟ್ಟೆಯ ಸುತ್ತ ಒಂದು ಕೆಂಪು ಗೆರೆ. ದೊಡ್ಡವಳು ಅಳುತ್ತಳುತ್ತಲೇ ಎಲ್ಲ ಹೇಳಿದಳು.

"ಅಜ್ಜಿನೇ ಕಟ್ಕೊಂಡ್ರು ಅಮ್ಮ. ಮಗುನ ನಾನು ಮರೆತ್ರೂ ಗಂಟು ಮರೆಯಲ್ಲ ಅಂದ್ರು."

"ಊರವರ ಮನೆ ಮುದುಕರೆಲ್ಲ ನಿನ್ನ ಕಣ್ಣಿಗೆ ಬಿದ್ರು," ಎಂದ ಗಂಡ. "ಮನೇಲಿರೋ ಒಂದು ಜೀವ ಕಾಣ್ಲಿಲ್ವಾ?"

"ನಿಮಗೆ ಕಂಡಿತ್ತಾ?"

ಅವನು ಡಬ್ಬಿಯಲ್ಲಿದ್ದ ಅಕ್ಕಿಯ ವಿಷಯ ಹೇಳಿದ. ಹೇಳಿ ಬ್ರೆಡ್ಡಿನ ಪೊಟ್ಟಣವನ್ನು ಅತ್ತಿತ್ತ ಸರಿಸಿದ.

"ನಾಳೆಯಿಂದ ನಾನು ಮನೇಲಿರ್ತೀನಿ," ಎಂದಳು ಸೊಸೆ. "ಇನ್ನೇನಿಲ್ಲ. ಮುಗೀತು."

ಅಷ್ಟು ಹೊತ್ತೂ ಮೂಲೆಯಲ್ಲಿ ಕೂತಿದ್ದ ಅತ್ತೆ ತಲೆ ಎತ್ತಿದರು. ಕಣ್ಣು ತಿಳಿಯಾಗಿತ್ತು, ದನಿ ಹಳೆಯದೇ.

"ಅದ್ಹೇಗೆ ಮುಗಿಯುತ್ತೆ? ಬೇರೆಯವರಿಗೆಲ್ಲ ಪರೀಕ್ಷೆ ಮಾಡಿ ಹೇಳ್ತೀಯ, ನನಗೆ ಮಾಡದೇನೇ ಹೇಳ್ತೀಯಾ? ಭಾನುವಾರ ಬಾ. ಬೆಲ್ ಒತ್ತಿ, ಆ ಬ್ಯಾಗು, ಕತ್ತಿಗೆ ಆಫೀಸಿನ ಕಾರ್ಡು ಎಲ್ಲ ಹಾಕ್ಕೊಂಡು ಬಾ. ಟೀ ಕೇಳು. ಸರಿಯಾಗಿ ಕೊಟ್ರೆ ಮಗು ನನ್ನ ಹತ್ರ, ನೀನು ಕೆಲಸಕ್ಕೆ. ತಪ್ಪಿದ್ರೆ ನೀನು ಹೇಳಿದ ಹಾಗೆ. ನಾನು ಬಾಯಿ ಬಿಡಲ್ಲ."

"ಅತ್ತೆ, ಇದು ಪಂದ್ಯ ಅಲ್ಲ."

"ಅಮ್ಮ ಕೇಳ್ತಿರೋದ್ರಲ್ಲಿ ತಪ್ಪೇನಿದೆ?" ಎಂದ ಗಂಡ. "ನಿನ್ನ ಪರೀಕ್ಷೆ ಮೇಲೆ ನಿನಗೇ ನಂಬಿಕೆ ಇಲ್ವಾ?"

ಭಾನುವಾರದವರೆಗೆ ಸೊಸೆ ರಜೆ ಹಾಕಿದಳು. ಅತ್ತೆ ಒಲೆಯ ಹತ್ತಿರ ಸುಳಿಯಲಿಲ್ಲ. ಮಧ್ಯಾಹ್ನಗಳಲ್ಲಿ ಮಲಗುವ ಕೋಣೆಯಲ್ಲಿ ಕೂತು ಬೆರಳು ಮಡಿಸುತ್ತ, ತುಟಿಯಲ್ಲೇ ಏನೋ ಹೇಳಿಕೊಳ್ಳುತ್ತಿದ್ದರು. ಒಮ್ಮೆ ಸೊಸೆ ಬಾಗಿಲಲ್ಲಿ ನಿಂತು ಕೇಳಿದಳು. "ನೀರು. ನಲ್ಲಿ ನಿಲ್ಲಿಸು. ಒಲೆ. ಪುಡಿ. ಹಾಲು. ಸಕ್ಕರೆ. ಒಲೆ ಆರಿಸು." ಮತ್ತೆ ಮೊದಲಿನಿಂದ. ಸೊಸೆ ಸದ್ದು ಮಾಡದೆ ಹಿಂದೆ ಸರಿದಳು.

ಭಾನುವಾರ ಬೆಳಿಗ್ಗೆ ಅವಳು ಬ್ಯಾಗು ಏರಿಸಿಕೊಂಡು ಹೊರಗೆ ಹೋದಳು. ಕೆಳಗೆ ಟೈಲರ್, "ಭಾನುವಾರಾನೂ ಡ್ಯೂಟಿನಾ?" ಎಂದ. ಬೀದಿಯಲ್ಲಿ ಒಂದು ಸುತ್ತು ನಡೆದು, ಮತ್ತೆ ಹತ್ತಿ ಬಂದು ತನ್ನ ಮನೆಯ ಬೆಲ್ ತಾನೇ ಒತ್ತಿದಳು. ಗಂಡ ಮಕ್ಕಳನ್ನು ಕರೆದುಕೊಂಡು ಒಳಕೋಣೆಯಲ್ಲಿ ಇದ್ದ. ಆ ಕೋಣೆಯ ಬಾಗಿಲು ಒಂದಿಷ್ಟು ತೆರೆದಿತ್ತು.

ಅತ್ತೆ ಬಾಗಿಲು ತೆಗೆದರು. ತಲೆ ನೀಟಾಗಿ ಬಾಚಿದ್ದರು. ಕತ್ತಿನ ಕಾರ್ಡು ನೋಡಿ ಮುಗುಳ್ನಕ್ಕರು.

"ಬನ್ನಿ ಬನ್ನಿ. ಕೂತ್ಕೊಳ್ಳಿ."

ಒಳಕೋಣೆಯಲ್ಲಿ ಗಂಡ ಕಿಸಕ್ಕನೆ ನಕ್ಕಿದ್ದು ಕೇಳಿಸಿತು. ಸೊಸೆಗೂ ನಗು ಬಂತು.

"ನಡೆದು ನಡೆದು ಸುಸ್ತಾಯ್ತಮ್ಮ. ಒಂದು ಲೋಟ ಟೀ ಸಿಗುತ್ತಾ?"

"ಅಯ್ಯೋ, ಅದಕ್ಕೇನಂತೆ."

ಅತ್ತೆ ಒಳಗೆ ಹೋದರು. ಸೊಸೆ ಕಿವಿಗೊಟ್ಟಳು. ನಲ್ಲಿ ಬಂತು, ನಿಂತಿತು. ಪಾತ್ರೆ ಒಲೆಯ ಮೇಲೆ ಕೂತಿತು. ಲೈಟರ್ ಒಮ್ಮೆ ಚಿಟಕ್ ಎಂದಿತು, ಬೆಂಕಿ ಭುಗ್ ಎಂದು ಹತ್ತಿತು. ಡಬ್ಬಿಯ ಮುಚ್ಚಳ ತೆರೆದು, ಮುಚ್ಚಿಕೊಂಡಿತು. ನೀರು ಕುದಿಯಿತು. ಹಾಲು ಬಿದ್ದ ಕೂಡಲೇ ಕುದಿಯುವ ಸದ್ದು ತಗ್ಗಿ, ಮತ್ತೆ ಏರಿತು. ಒಲೆ ಆರಿತು. ಸೋಸಿದ ಸದ್ದಿನ ಹಿಂದೆಯೇ ಲೋಟ ಬಂತು, ತಟ್ಟೆಯ ಮೇಲೆ, ಒಂದು ಹನಿ ಚೆಲ್ಲದೆ.

ಟೀ ಚೆನ್ನಾಗಿತ್ತು. ಫ್ಲಾಸ್ಕ್ ಬರುವ ಮೊದಲು ಆ ಮನೆಯಲ್ಲಿ ಇದ್ದ ರುಚಿಯೇ ಅದು.

"ಲೋಟ ನಾನೇ ಇಡ್ತೀನಿ," ಎಂದು ಸೊಸೆ ಅಡುಗೆಮನೆಗೆ ಹೋದಳು. ಒಲೆಯ ತಿರುಪುಗಳೆಲ್ಲ ಮುಚ್ಚಿದ್ದವು. ನಲ್ಲಿ ತೊಟ್ಟಿಕ್ಕುತ್ತಿರಲಿಲ್ಲ. ಒರೆಸುವ ಬಟ್ಟೆಯನ್ನು ಹಿಂಡಿ ಹರವಿದ್ದರು. ಇಷ್ಟು ಅಚ್ಚುಕಟ್ಟಾದ ಅಡುಗೆಮನೆಯನ್ನು ಅವಳು ಎಷ್ಟೋ ದಿನದಿಂದ ಎಲ್ಲಿಯೂ ನೋಡಿರಲಿಲ್ಲ.

ಹೊರಗೆ ಬಂದಾಗ ಗಂಡ ಮೆಣಸನ್ನು ಹೆಗಲ ಮೇಲೆ ಕೂರಿಸಿಕೊಂಡು ಬಂದಿದ್ದ. "ಪಾಸು ತಾನೇ? ಹೇಳು, ಪಾಸು ತಾನೇ?"

"ಇವನು ನನ್ನ ಮಗ," ಎಂದರು ಅತ್ತೆ ಸೊಸೆಗೆ. "ಲಿಫ್ಟ್ ಕೆಲಸ."

"ಸಾಕು ಬಿಡಮ್ಮ ನಾಟಕ! ಗೆದ್ದಾಯ್ತಲ್ಲ," ಎಂದು ಅವನು ನಗುತ್ತ ಮಗುವನ್ನು ಇಳಿಸಿದ. ಮೆಣಸು ಅಜ್ಜಿಯ ಕಡೆಗೇ ಓಡಿತು. ಅಜ್ಜಿ ಎತ್ತಿಕೊಂಡು ಸೊಸೆಯ ಹತ್ತಿರಕ್ಕೆ ಬಾಗಿ, ದನಿ ತಗ್ಗಿಸಿದರು.

"ನೀವು ಬಂದಿದ್ದು ನನ್ನ ಸೊಸೆಗೆ ಮಾತ್ರ ಹೇಳ್ಬೇಡಿ. ಅವಳದ್ದೂ ನಿಮ್ಮ ಹಾಗೇ ಕೆಲಸ. ಗೊತ್ತಾದ್ರೆ ಬಿಟ್ಟು ಮನೇಲಿ ಕೂತ್ಬಿಡ್ತಾಳೆ. ಆ ಕೆಲಸ ಅಂದ್ರೆ ಅವಳಿಗೆ ಜೀವ. ಏನೋ ನಿಮ್ಮ ಕೈಲಾದ್ದು ಮಾಡಿ, ಪುಣ್ಯ ಬರುತ್ತೆ."

ಸೊಸೆ ಆ ಮುಖದಲ್ಲಿ ನಗುವಿಗಾಗಿ ಕಾದಳು. ನಗು ಬರಲಿಲ್ಲ. ಒಳಕೋಣೆಯ ಬಾಗಿಲಲ್ಲಿ ದೊಡ್ಡವಳು ಬಾಯಿಗೆ ಕೈಯಿಟ್ಟುಕೊಂಡು ನಿಂತಿದ್ದಳು. ಗಂಡನ ನಗು ಮುಖದ ಮೇಲೆಯೇ ಆರುತ್ತಿತ್ತು.

"ಅಮ್ಮಾ," ಎಂದಿತು ಮೆಣಸು, ಸೊಸೆಯ ಕಡೆ ಕೈ ಚಾಚಿ.

ಸೊಸೆಯೂ ಕೈ ಚಾಚಿದಳು. ಅತ್ತೆ ಒಂದು ಹೆಜ್ಜೆ ಹಿಂದೆ, ಬಾಲ್ಕನಿಯ ಕಡೆಗೆ ಸರಿದರು. ಮಗುವನ್ನು ಎದೆಗೆ ಒತ್ತಿಕೊಂಡರು.

"ತಪ್ಪು ತಿಳೀಬೇಡಿ. ಇವಳಮ್ಮ ಬರೋವರೆಗೂ ನಾನು ಹೊರಗಿನವರ ಕೈಗೆ ಕೊಡಲ್ಲ." ಒಂದು ತೋಳಿನಲ್ಲಿ ಮಗುವನ್ನು ಬಿಗಿಹಿಡಿದು, ಇನ್ನೊಂದು ಕೈಯಿಂದ ತಮ್ಮ ಸೊಂಟದ ಸುತ್ತ ಪಟ್ಟಿಗಾಗಿ ತಡಕಾಡತೊಡಗಿದರು.

ಗಂಡ ಮುಂದೆ ಹೆಜ್ಜೆಯಿಟ್ಟ. ಸೊಸೆ ಅವನ ಕೈ ಹಿಡಿದು ನಿಲ್ಲಿಸಿದಳು. ಚಾಚಿದ ಕೈಯನ್ನು ನಿಧಾನವಾಗಿ ಹಿಂದಕ್ಕೆ ತೆಗೆದುಕೊಂಡಳು, ಬ್ಯಾಗನ್ನು ಮಡಿಲಲ್ಲಿಟ್ಟುಕೊಂಡು ಅದೇ ಕುರ್ಚಿಯಲ್ಲಿ ಮತ್ತೆ ಕೂತಳು.

"ಕೊಡಬೇಡಿ ಅಮ್ಮ, ಒಳ್ಳೇದು," ಎಂದಳು, ಎಲ್ಲ ಮನೆಗಳಲ್ಲೂ ಆಡುವ ಆ ಮೆತ್ತಗಿನ ದನಿಯಲ್ಲಿ. "ಬನ್ನಿ, ನೀವೂ ಕೂತ್ಕೊಳ್ಳಿ. ನಿಮ್ಮ ಸೊಸೆ ಬರೋವರೆಗೂ ನಾನೂ ಇಲ್ಲೇ ಇರ್ತೀನಿ."